ಮದ್ದಿನ ಕುಪ್ಪಿಯ ತೊಗಲಂಗಿ

ಕೊಡಗಿನಿಂದಲೋ ಮಲೆನಾಡಿನಿಂದಲೋ ಬಂದು ಚೆನ್ನೈನಲ್ಲಿ ನೆಲೆಸಿದ ಕುಟುಂಬಗಳ ಗಾಜಿನ ಕಪಾಟುಗಳಲ್ಲಿ ಒಮ್ಮೊಮ್ಮೆ ಒಂದು ಸಣ್ಣ ಲೋಹದ ಕುಪ್ಪಿ ಕಣ್ಣಿಗೆ ಬೀಳುತ್ತದೆ. ಸೋರೆಬುರುಡೆಯನ್ನು ಚಪ್ಪಟೆ ಮಾಡಿದಂಥ ಆಕಾರ. ಮೇಲೆ ಕಿರಿದಾದ ಕೊಳವೆ. ಕೊಳವೆಯ ಬುಡದಲ್ಲಿ ಹೆಬ್ಬೆರಳಿಗೆ ಸಿಗುವಂತೆ ಒಂದು ಸ್ಪ್ರಿಂಗಿನ ಕೀಲು. ಬಂದವರು ಅದನ್ನು ಅತ್ತರಿನ ಶೀಸೆ ಎಂದೋ ಮದ್ಯದ ಪಾತ್ರೆ ಎಂದೋ ಊಹಿಸುವುದುಂಟು. ಅದು ಕೋವಿಯ ಮದ್ದನ್ನು ತುಂಬಿಡುತ್ತಿದ್ದ ಕುಪ್ಪಿ. ತೋಟಾಗಳು ಬರುವ ಮುನ್ನ, ನಳಿಗೆಯ ಬಾಯಿಯಿಂದಲೇ ಮದ್ದು ಸುರಿದು, ಗುಂಡು ಇಳಿಸಿ, ಗಜದ ಕೋಲಿನಿಂದ ಜಡಿದು ಹಾರಿಸುತ್ತಿದ್ದ ಕಾಲದ್ದು. ಈಗ ಅದು ನಿನ್ನೆ ತಾನೇ ಅಂಗಡಿಯಿಂದ ತಂದಂತೆ ಥಳಥಳನೆ ಹೊಳೆಯುತ್ತಿರುತ್ತದೆ. ಆ ಹೊಳಪಿನ ಬಗ್ಗೆಯೇ ನನ್ನ ತಕರಾರು.

ಎಲ್ಲ ಕುಪ್ಪಿಗಳೂ ಹೊಳೆಯಲಿಕ್ಕೆಂದು ಹುಟ್ಟಿದವಲ್ಲ. ಬೇಟೆನಾಯಿ, ಜಿಂಕೆ, ಬಳ್ಳಿಗಳನ್ನು ಉಬ್ಬಿಸಿ ಅಚ್ಚೊತ್ತಿದ ಕುಪ್ಪಿಗಳು ನೋಡುವವರಿಗಾಗಿಯೇ ಮಾಡಿದವು, ನಿಜ. ಆದರೆ ಯಾವ ಚಿತ್ತಾರವೂ ಇಲ್ಲದೆ ಒಡಲು ಬೋಳಾಗಿದ್ದು, ಕುತ್ತಿಗೆಯ ಪಟ್ಟಿಯ ಅಡಿಯಲ್ಲಿ ಕೂದಲೆಳೆಯಷ್ಟು ಸಂದು ಉಳಿದಿರುವ, ಒಂದು ಬದಿಯುದ್ದಕ್ಕೂ ಮಸಕು ಗೆರೆಯೊಂದು ಹಾದಿರುವ ಕುಪ್ಪಿ ನಿಮ್ಮಲ್ಲಿದ್ದರೆ ಅದು ಒಂದು ಕಾಲಕ್ಕೆ ತೊಗಲಂಗಿ ತೊಟ್ಟಿತ್ತೆಂದು ತಿಳಿಯಬಹುದು. ಆ ಗೆರೆ ಹೊಲಿಗೆಯ ಗುರುತು. ಯಾರೋ ಹರಿದ ಚರ್ಮವನ್ನು ಕಿತ್ತೆಸೆದು, ಹುಣಸೆಹಣ್ಣು ಹಚ್ಚಿ ತಿಕ್ಕಿ, ಒಳಗಿನ ಹಿತ್ತಾಳೆಯನ್ನು ‘ಬೆಳಕಿಗೆ’ ತಂದಿದ್ದಾರೆ. ಹಾಗೆ ಮಾಡಿ ವಸ್ತುವನ್ನು ಉಳಿಸಿದೆವೆಂದು ಅವರು ಭಾವಿಸಿದ್ದಾರೆ. ಅದರ ಅರ್ಧವನ್ನು ಕಳೆದಿದ್ದಾರೆಂದು ನನ್ನ ವಾದ.

ಕುಪ್ಪಿಗೆ ತಾಮ್ರ, ಹಿತ್ತಾಳೆಗಳನ್ನೇ ಆರಿಸಿದ್ದಕ್ಕೆ ಒಂದು ಕಾರಣ, ಕಬ್ಬಿಣದಂತೆ ಅವು ಸುಲಭಕ್ಕೆ ಕಿಡಿ ಕಾರುವುದಿಲ್ಲ ಎಂಬುದು. ತೆಳುವಾದ ತಗಡನ್ನು ಎರಡು ಹೋಳಾಗಿ ಅಚ್ಚಿನಲ್ಲಿ ಒತ್ತಿ, ಅಂಚಿಗೆ ಬೆಸುಗೆ ಹಾಕಿ ಒಂದು ಮಾಡುತ್ತಿದ್ದರು. ಬೆರಳಿನಿಂದ ಕೊಳವೆಯ ಬಾಯಿ ಮುಚ್ಚಿ, ಕುಪ್ಪಿಯನ್ನು ತಲೆಕೆಳಗು ಮಾಡಿ, ಕೀಲು ಒತ್ತಿದರೆ ಕೊಳವೆ ಹಿಡಿಸುವಷ್ಟೇ ಮದ್ದು ಇಳಿಯುತ್ತದೆ. ಕೀಲು ಬಿಟ್ಟೊಡನೆ ಬುಡ ಮುಚ್ಚಿಕೊಳ್ಳುತ್ತದೆ. ಹಿಂದಿನ ಹೊಡೆತದ ಕೆಂಡವೊಂದು ನಳಿಗೆಯಲ್ಲಿ ಉಳಿದಿದ್ದರೂ ಬೆಂಕಿ ಆ ಒಂದು ಅಳತೆಗೆ ತಗಲಬೇಕೇ ಹೊರತು ಕುಪ್ಪಿಯ ಇಡೀ ಮದ್ದಿಗಲ್ಲ ಎಂಬ ಲೆಕ್ಕಾಚಾರ. ಲೋಹದ ಜಾಣ್ಮೆ ಇಷ್ಟು. ಇನ್ನು ಅದರ ದೌರ್ಬಲ್ಯ: ತೆಳು ತಗಡು ಕಲ್ಲಿಗೆ ತಾಗಿದರೆ ನೆಗ್ಗುತ್ತದೆ, ನೆಗ್ಗಿದ ಕಡೆ ಬೆಸುಗೆ ಬಿಡುತ್ತದೆ, ಬೆಸುಗೆ ಬಿಟ್ಟಲ್ಲಿ ಮಳೆಯ ತೇವ ಒಳಹೊಕ್ಕು ಮದ್ದಿನ ಪೆಟ್ಲುಪ್ಪನ್ನು ಕರಗಿಸುತ್ತದೆ. ನೂರು ಪಾಲು ಮದ್ದಿನಲ್ಲಿ ಸುಮಾರು 75 ಪಾಲು ಆ ಉಪ್ಪೇ. ಉಳಿದದ್ದು ಇದ್ದಿಲು ಮತ್ತು ಗಂಧಕ. ಅದಲ್ಲದೆ ಹಿತ್ತಾಳೆ ಬಿಸಿಲಿಗೆ ಮಿಂಚಿ ಮಿಗದ ಕಣ್ಣಿಗೆ ಬೀಳುತ್ತದೆ. ನಳಿಗೆಗೆ ತಾಗಿ ಸದ್ದು ಮಾಡುತ್ತದೆ. ಆಷಾಢದ ಮಳೆಯಲ್ಲಿ ನೆನೆದ ಕೈಯಿಂದ ಜಾರುತ್ತದೆ. ತೊಗಲಂಗಿ ಇವೆಲ್ಲಕ್ಕೂ ಒಂದೇ ಉತ್ತರ. ಅದನ್ನು ಅಲಂಕಾರವೆಂದು ಕರೆಯುವವರು ಕಾಡಿನಲ್ಲಿ ನಡೆದವರಲ್ಲ.

ಈ ಅಂಗಿಯನ್ನು ಹೊಲಿಯುವ ಬಗೆ ಸರಳವಾಗಿ ಕಾಣುತ್ತದೆ, ಆದರೆ ಹಾಗಿಲ್ಲ. ಮರದ ತೊಗಟೆಯಿಂದ ಹದ ಮಾಡಿದ ತೆಳು ಚರ್ಮವನ್ನು ನೀರಿನಲ್ಲಿ ನೆನೆಸಬೇಕು. ಅಂಚುಗಳನ್ನು ಒಳಬದಿಯಿಂದ ಕೆತ್ತಿ ಕಾಗದದಷ್ಟು ತೆಳುವಾಗಿಸಬೇಕು. ಕುಪ್ಪಿಯ ಮೇಲೆಳೆದು ಬೆರಳಿನಿಂದ ತೀಡುತ್ತಾ ಉಬ್ಬಿಗೆ ಉಬ್ಬಾಗಿ, ತಗ್ಗಿಗೆ ತಗ್ಗಾಗಿ ಕೂರಿಸಬೇಕು. ಬಳಿಕ ಜೇನುಮೇಣ ಉಜ್ಜಿದ ದಾರ, ಎರಡು ಸೂಜಿ, ಒಂದೇ ತೂತಿಗೆ ಎರಡೂ ಕಡೆಯಿಂದ. ಹೀಗೆ ಹೊಲಿದರೆ ಒಂದೆಳೆ ಹರಿದರೂ ಇನ್ನೊಂದು ಎಳೆ ಹಿಡಿದುಕೊಂಡಿರುತ್ತದೆ. ಯಂತ್ರದ ಹೊಲಿಗೆಯಲ್ಲಿ ಈ ಭರವಸೆ ಇಲ್ಲ. ಚರ್ಮ ನೆರಳಲ್ಲಿ ಒಣಗುತ್ತಾ ಕುಗ್ಗಿ ಲೋಹವನ್ನು ಬಿಗಿದಪ್ಪುತ್ತದೆ. ಬಿಸಿಲಿಗಿಟ್ಟು ಅವಸರಪಡಿಸಿದವನಿಗೆ ಸಿಗುವುದು ಸೆಟೆದ ಚರ್ಮ, ಬಿರಿದ ಹೊಲಿಗೆ. ನಮ್ಮ ನುಡಿಯಲ್ಲಿ ಚರ್ಮಕ್ಕೂ ‘ಹದ’ ಎನ್ನುತ್ತೇವೆ, ಬಿತ್ತುವ ನೆಲಕ್ಕೂ ‘ಹದ’ ಎನ್ನುತ್ತೇವೆ, ಬೆಲ್ಲದ ಪಾಕಕ್ಕೂ. ಕೈಗೆ ತಿಳಿಯುವ, ಗಡಿಯಾರಕ್ಕೆ ತಿಳಿಯದ ಯಾವುದೋ ಒಂದು ಕ್ಷಣದ ಹೆಸರು ಅದು.

ಇದಕ್ಕೆ ಎದುರುವಾದವೊಂದಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಚರ್ಮದಲ್ಲಿನ ಎಣ್ಣೆ, ಕೊಬ್ಬು, ಆಮ್ಲಗಳು ತಾಮ್ರದೊಡನೆ ಸೇರಿ ಹಸಿರು ಮೇಣದಂಥ ಕಿಲುಬನ್ನು ಹುಟ್ಟಿಸುತ್ತವೆ. ಹಳೆಯ ಸೊಂಟಪಟ್ಟಿಗಳ ಹಿತ್ತಾಳೆ ಗುಂಡಿಗಳ ಸುತ್ತ ಅದನ್ನು ಯಾರೂ ನೋಡಬಹುದು. ಚೆನ್ನೈನ ಕಡಲ ಗಾಳಿಯ ತೇವದಲ್ಲಿ ಇದು ಇನ್ನೂ ಬೇಗ. ಹಾಗಾಗಿ ಲೋಹವನ್ನು ಕಾಪಾಡಲು ಚರ್ಮವನ್ನು ದೂರವಿಡಿ ಎನ್ನುವುದು ಲೋಹದ ಪಕ್ಷದಿಂದ ಸರಿಯಾದ ಸಲಹೆಯೇ. ನನ್ನ ಪ್ರಶ್ನೆ ಇಷ್ಟೆ: ನಾವೇಕೆ ಸದಾ ಲೋಹದ ಪಕ್ಷ?

ಶೆಫೀಲ್ಡಿನ ಜೇಮ್ಸ್ ಡಿಕ್ಸನ್ ಅಂಡ್ ಸನ್ಸ್, ಹಾಕ್ಸ್‌ಲಿ ಮೊದಲಾದವರು ತಮ್ಮ ಕುಪ್ಪಿಗಳ ಲೋಹದ ಮೇಲೆ ಹೆಸರು ಕೊರೆದಿದ್ದಾರೆ. ಎರಡು ಶತಮಾನಗಳ ಬಳಿಕವೂ ಸಂಗ್ರಾಹಕರು ಭೂತಗನ್ನಡಿ ಹಿಡಿದು ಹುಡುಕುವುದು ಆ ಹೆಸರನ್ನು. ಬೆಲೆ ಕಟ್ಟುವುದೂ ಅದಕ್ಕೆ. ಚರ್ಮ ಹೊಲಿದವರ ಹೆಸರು ಎಲ್ಲಿಯೂ ಇಲ್ಲ. ನಮ್ಮ ನೆಲದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಇದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯೊಂದರಿಂದ ಮೈಸೂರು ರಾಕೆಟ್ಟುಗಳು ಸುಮಾರು ಒಂದು ಸಾವಿರದಷ್ಟು ಸಿಕ್ಕಿದವು. ಹೈದರ್, ಟಿಪ್ಪು ಕಾಲದ ಆ ರಾಕೆಟ್ಟುಗಳನ್ನು ಬಿದಿರಿನ ಗಳುವಿಗೆ ತೊಗಲಿನ ಪಟ್ಟಿಯಿಂದ ಬಿಗಿಯುತ್ತಿದ್ದರು. ಆ ಬಿಗಿತವಿಲ್ಲದೆ ಅವು ಗುರಿ ಮುಟ್ಟುತ್ತಿರಲಿಲ್ಲ. ಬಾವಿಯಿಂದ ಮೇಲೆ ಬಂದದ್ದು ಕಬ್ಬಿಣದ ಕೊಳವೆಗಳು. ನಾವು ಅವುಗಳ ಲೋಹವಿದ್ಯೆಯನ್ನು ಕೊಂಡಾಡಿದೆವು. ಬಿಗಿದ ತೊಗಲು ಮಣ್ಣಾಗಿತ್ತು, ಅದರೊಡನೆ ಬಿಗಿದವನೂ ಚರಿತ್ರೆಯಿಂದ ಜಾರಿದ. ಕಾಲ ತಾನಾಗಿಯೇ ಮಾಡುವ ಈ ಅನ್ಯಾಯವನ್ನು ನಾವು ಹುಣಸೆಹಣ್ಣು ಹಿಡಿದು ಮುಂದುವರಿಸುವುದು ಬೇಡ ಎನ್ನುತ್ತೇನೆ.

ಚೆನ್ನೈನಲ್ಲಿ ಕುಳಿತು ಈ ಮಾತನ್ನಾಡಲು ಕಾರಣವುಂಟು. ಪೆರಿಯಮೇಟಿನ ಬೀದಿಗಳಲ್ಲಿ ಚರ್ಮದ ವ್ಯಾಪಾರ ತಲೆಮಾರುಗಳಿಂದ ನಡೆದಿದೆ. ಆವರಿಕೆ ಗಿಡದ ತೊಗಟೆ ಹಾಕಿ ಹದ ಮಾಡಿ, ಅಳಲೆಕಾಯಿಯ ರಸದಿಂದ ಮುಗಿಸಿದ ಚರ್ಮ ಇಲ್ಲಿಂದಲೇ ‘ಈಸ್ಟ್ ಇಂಡಿಯಾ’ ಚರ್ಮವೆಂಬ ಹೆಸರಿನಲ್ಲಿ ಕಡಲಾಚೆಗೆ ಹೋಗುತ್ತಿತ್ತು. (ನಮ್ಮ ಬಯಲುಸೀಮೆಯ ಬೇಲಿಗಳಲ್ಲಿ ಹಳದಿ ಹೂ ಬಿಡುವ ತಂಗಡಿಯೇ ಈ ಆವರಿಕೆ.) ಕ್ರೋಮಿಯಂ ಲವಣದಿಂದ ಚರ್ಮ ಹದ ಮಾಡುವ ವಿಧಾನವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮದ್ರಾಸಿನಲ್ಲಿ ಪ್ರಯೋಗಿಸಿ ಬೆಳೆಸಿದವರು ಆಲ್ಫ್ರೆಡ್ ಚಾಟರ್ಟನ್, ಇಲ್ಲಿ ಅಲ್ಯುಮಿನಿಯಂ ಪಾತ್ರೆಗಳ ಉದ್ಯಮಕ್ಕೆ ನಾಂದಿ ಹಾಡಿದವರೂ ಅವರೇ. ಲೋಹ, ಚರ್ಮ ಎರಡನ್ನೂ ಬಲ್ಲ ಈ ಮನುಷ್ಯ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕರಾಗಿ ನಮ್ಮಲ್ಲಿಗೆ ಬಂದರು. ಆ ಕ್ರೋಮಿನ ನೆನಪು ಈಗಲೂ ಕ್ರೋಂಪೇಟೆ ಎಂಬ ಬಡಾವಣೆಯ ಹೆಸರಿನಲ್ಲಿದೆ. ಅಡ್ಯಾರಿನಲ್ಲಿ 1948ರಿಂದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಇದೆ. ಕ್ರೋಮ್ ಚರ್ಮ ಮೃದು, ಬೇಗ ಸಿದ್ಧವಾಗುತ್ತದೆ, ನೀರಿಗೆ ಜಗ್ಗದು. ಆದರೆ ನೆನೆಸಿ ಒತ್ತಿದ ಆಕಾರವನ್ನು ಅದು ನೆನಪಿಟ್ಟುಕೊಳ್ಳುವುದಿಲ್ಲ. ಒಣಗಿದಾಗ ಮತ್ತೆ ಸಪಾಟಾಗಲು ಹವಣಿಸುತ್ತದೆ. ಕುಪ್ಪಿಗೆ ಬೇಕಾದದ್ದು ಆವರಿಕೆಯ ಚರ್ಮವೇ.

ಚರ್ಮೋದ್ಯಮದ ಇನ್ನೊಂದು ಮುಖವನ್ನು ಮರೆಸಿ ಬರೆಯುವುದು ತಪ್ಪಾಗುತ್ತದೆ. ಪಾಲಾರ್ ನದಿಯ ದಡದ ಊರುಗಳ ನೀರು, ನೆಲ ಕೆಟ್ಟದ್ದರಿಂದ 1996ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಬೇಕಾಯಿತು. ಆದರೆ ಆ ಕೊಳೆಯಲ್ಲಿ ಕಾಲಿಟ್ಟು ದುಡಿದವರು ಯಾರು, ಅದರ ಲಾಭ ಉಂಡವರು ಯಾರು ಎಂಬ ವಿಚಾರಣೆ ಯಾವ ನ್ಯಾಯಾಲಯದಲ್ಲೂ ಮುಗಿದಿಲ್ಲ.

ಇಲ್ಲಿಯೇ ನನ್ನನ್ನು ಬಹಳ ಕಾಡುವ ಸಂಗತಿ ಇರುವುದು. ಸೆಪ್ಟೆಂಬರ್ ಮೊದಲ ವಾರದಲ್ಲಿ ಕೊಡಗಿನ ಮನೆಗಳಲ್ಲಿ ಕೈಲ್‌ಪೊಳ್ದ್ ಬರುತ್ತದೆ. ಕೋವಿಗಳನ್ನು ದೀಪದ ಮುಂದಿಟ್ಟು ತೋಕ್‌ಪೂ ಮುಡಿಸಿ ಪೂಜಿಸುತ್ತಾರೆ. ಕೋವಿಯ ಹೆಗಲಪಟ್ಟಿ ಚರ್ಮದ್ದು. ಅದೂ ದೀಪದ ಮುಂದೆಯೇ ಇರುತ್ತದೆ. ಉಳಿದ ನಾಡಿನ ಆಯುಧಪೂಜೆಯಲ್ಲೂ ಹೀಗೆಯೇ. ತೊಗಲು ದೇವರೆದುರಿಗೆ ಬರಬಹುದು. ತೊಗಲನ್ನು ಹದ ಮಾಡಿದವನು ನಮ್ಮ ಹೊಸ್ತಿಲ ಬಳಿ ನಿಲ್ಲಬೇಕಿತ್ತು. ಮೃದಂಗದ ವಿಷಯದಲ್ಲಿ ಇದೇ ಮಾತನ್ನು ಟಿ. ಎಂ. ಕೃಷ್ಣ ಅವರು 2020ರಲ್ಲಿ ಪ್ರಕಟವಾದ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಪುಸ್ತಕದಲ್ಲಿ ಈ ನಗರದ ಮುಂದಿಟ್ಟರು: ನಾದವನ್ನು ಮೆಚ್ಚುವ ಸಭೆಗೆ ಚರ್ಮ ಬಿಗಿದವರ ಹೆಸರು ಗೊತ್ತಿರಲಿಲ್ಲ. ಸಮಗಾರ ಹರಳಯ್ಯನವರನ್ನು ಶರಣರೆಂದು ಕೈಮುಗಿಯುವ ಕನ್ನಡಿಗರಾದ ನಾವು ಇದರಿಂದ ಹೊರತೆಂದುಕೊಳ್ಳುವ ಹಾಗಿಲ್ಲ. ಕೊಡವರ ಕೋವಿಗೆ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ನೀಡಿರುವ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಿದಾಗ ಅದು ಸುದ್ದಿಯಾಯಿತು, ಚರ್ಚೆಯಾಯಿತು. ಕೋವಿಯ ಪಕ್ಕದಲ್ಲಿ ತೂಗುತ್ತಿದ್ದ ಕುಪ್ಪಿಗೆ ಅಂಗಿ ತೊಡಿಸಿದವರನ್ನು ಕುರಿತು ಒಂದು ಸಾಲೂ ಇಲ್ಲ.

ಹಾಗಾದರೆ ಬೋಳಾದ ಕುಪ್ಪಿಗೆ ಮತ್ತೆ ಚರ್ಮ ಹೊದಿಸಬೇಕೆ? ವಸ್ತುಸಂಗ್ರಹಾಲಯದ್ದಾದರೆ ಬೇಡ. ಎಗ್ಮೋರಿನ ಸರಕಾರಿ ಸಂಗ್ರಹಾಲಯದಲ್ಲೋ ಸೇಂಟ್ ಜಾರ್ಜ್ ಕೋಟೆಯಲ್ಲೋ ಇರುವ ಆಯುಧಗಳು ಸಾಕ್ಷ್ಯಗಳು. ಸಾಕ್ಷ್ಯವನ್ನು ತಿದ್ದಬಾರದು, ಹರಕು ಚರ್ಮವಿದ್ದರೆ ಹರಕಾಗಿಯೇ ಇರಲಿ. ಮನೆಯ ವಸ್ತುವಿನ ಧರ್ಮ ಬೇರೆ. ಅದು ಬಳಸಿದಂತೆ, ಸವೆದಂತೆ, ರಿಪೇರಿಯಾದಂತೆ ಬದುಕಿ ಬಂದದ್ದು. ಅಜ್ಜ ಸೊಂಟಕ್ಕೆ ಕಟ್ಟಿಕೊಂಡಿದ್ದಾಗಲೂ ಅದು ಒಮ್ಮೆಯಾದರೂ ಹೊಸ ಅಂಗಿ ತೊಟ್ಟಿದ್ದೀತು. ಅದನ್ನು ಮತ್ತೆ ಹೊಲಿಸುವುದು ಆ ಪರಂಪರೆಯ ಮುಂದುವರಿಕೆ. ತಿಕ್ಕಿ ಹೊಳೆಯಿಸಿ ಗಾಜಿನೊಳಗಿಡುವುದೇ ಅದಕ್ಕೆ ಹೊಸದು. ಹಳೆಯ ಚರ್ಮ ಸ್ವಲ್ಪವಾದರೂ ಉಳಿದಿದ್ದರೆ ಅದನ್ನು ಕೀಳದೆ ಹಾಗೆಯೇ ಬಿಡುವುದು ಲೇಸು.

ಹೊಲಿಸಲು ಹೊರಟವರಿಗೆ ಒಂದು ಎಚ್ಚರಿಕೆಯ ಮಾತು. ಕುಪ್ಪಿ ಖಾಲಿ ಎಂದು ನಂಬಬೇಡಿ. ನೂರು ವರ್ಷ ಒಣಗಿ ಕುಳಿತ ಮದ್ದು ಈಗಲೂ ಮದ್ದೇ. ಬೆಂಕಿ, ಬಿಸಿ, ಕಬ್ಬಿಣದ ಉಪಕರಣ ಯಾವುದೂ ಹತ್ತಿರ ಬಾರದಂತೆ ಮೊದಲು ನೀರು ತುಂಬಿ ನೆನೆಯಿಸಿ, ಹಲವು ಬಾರಿ ತೊಳೆದು, ಚೆನ್ನಾಗಿ ಒಣಗಿದ ಮೇಲಷ್ಟೇ ಚರ್ಮದವರ ಕೈಗೆ ಕೊಡಿ. ಅನುಮಾನವಿದ್ದರೆ ಬಲ್ಲವರಿಗೆ ತೋರಿಸಿ. ಲೋಹಕ್ಕೂ ಚರ್ಮಕ್ಕೂ ನಡುವೆ ತೆಳುವಾಗಿ ಮೇಣ ಸವರಿದರೆ ಹಸಿರು ಕಿಲುಬು ನಿಧಾನವಾಗುತ್ತದೆ. ಆಮೇಲೆ ಎಣ್ಣೆಯನ್ನು ಧಾರಾಳವಾಗಿ ಹಚ್ಚುವ ಚಪಲ ಬೇಡ. ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ದಿನವಿಡೀ ಎರಡು ಸೂಜಿ ಹಿಡಿದು ಕೂರುವ ಕೆಲಸವಿದು, ಯಂತ್ರದ ಚಪ್ಪಲಿಯ ದರ ಇದಕ್ಕೆ ಸಲ್ಲದು. ಮತ್ತು ಹೊಲಿಗೆ ಹಾಕುವ ಮುನ್ನ, ಚರ್ಮದ ಒಳಮೈಯ ಮೇಲೆ, ಹೊಲಿಯುವವರು ಒಪ್ಪಿದರೆ, ಅವರದೇ ಕೈಯಿಂದ ಹೆಸರು, ಊರು, ದಿನಾಂಕ ಬರೆಸಿ. ಅದು ಹೊರಗೆ ಕಾಣುವುದಿಲ್ಲ. ಮುಂದೊಂದು ದಿನ ಯಾರಾದರೂ ಈ ಅಂಗಿಯನ್ನೂ ಬಿಚ್ಚಿದಾಗ ಡಿಕ್ಸನ್ನನ ಹೆಸರಿನ ಜೊತೆಗೆ ಅದೂ ಸಿಗುತ್ತದೆ.