ಉಗಿಯ ನೂಕು, ಕೂದಲೆಳೆಯ ಸಂದು

ಇಡ್ಲಿಪಾತ್ರೆಯ ಮುಚ್ಚಳವನ್ನು ಕುಣಿಸುವ ಉಗಿಯೇ ವಿದ್ಯುದಾಗಾರದಲ್ಲಿ ಟನ್ನುಗಟ್ಟಲೆ ತೂಗುವ ಉಕ್ಕಿನ ದಂಡವನ್ನು ನಿಮಿಷಕ್ಕೆ 3,000 ಸುತ್ತು ತಿರುಗಿಸುತ್ತದೆ. ತಿರುಗಿಸುವುದಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅದು ದಂಡವನ್ನು ಉದ್ದಕ್ಕೆ ನೂಕುತ್ತಲೂ ಇರುತ್ತದೆ. ತಿರುಗುವ ಅಲಗುಸಾಲಿನ ಒಂದು ಮಗ್ಗುಲಿಗೆ ಒತ್ತಡ ಹೆಚ್ಚು, ಇನ್ನೊಂದಕ್ಕೆ ಕಡಿಮೆ. ಒಂದು ಸಾಲಿನ ನೂಕು ಅಲ್ಪವೇ. ಹತ್ತಾರು ಸಾಲುಗಳದು ಕೂಡಿದರೆ ತಡೆಯುವುದು ಸುಲಭವಲ್ಲ. ತಡೆಯದಿದ್ದರೆ ತಿರುಗುವ ಅಲಗು ನಿಂತ ಅಲಗಿಗೆ ತಗುಲಿ ಯಂತ್ರವೇ ಹಾಳು.

1884ರಲ್ಲಿ ಚಾರ್ಲ್ಸ್ ಪಾರ್ಸನ್ಸನು ತನ್ನ ಮೊದಲ ಟರ್ಬೈನಿನಲ್ಲಿ ಇದಕ್ಕೆ ಸರಳವಾದ ಉಪಾಯ ಹೂಡಿದನು. ಉಗಿಯನ್ನು ನಡುವೆ ಒಳಗೆ ಬಿಟ್ಟು ಎರಡು ಕಡೆಗೂ ಹರಿಸಿದನು. ಸಮಬಲರ ಹಗ್ಗಜಗ್ಗಾಟದಂತೆ ದಂಡವು ನಡುವೆಯೇ ನಿಂತಿತು. ಆದರೆ 1889ರಲ್ಲಿ ಪಾಲುದಾರಿಕೆ ಮುರಿದಾಗ ಪೇಟೆಂಟುಗಳು ಹಳೆಯ ಪಾಲುದಾರರಲ್ಲೇ ಉಳಿದವು. ತಾನೇ ಕಂಡುಹಿಡಿದುದನ್ನು ತಾನೇ ಬಳಸಲಾಗದೆ, 1894ರಲ್ಲಿ ಹಕ್ಕು ಮರಳುವವರೆಗೆ ಆತ ಬೇರೆ ಬಗೆಯ ಟರ್ಬೈನುಗಳನ್ನು ಕಟ್ಟಬೇಕಾಯಿತು. ಇಂಥ ವಿಧಿ ಯಂತ್ರಕಾರರಿಗೆ ಹೊಸದೇನಲ್ಲ.

ಉಗಿಯು ಒಂದೇ ದಿಕ್ಕಿಗೆ ಹರಿಯುವ ಟರ್ಬೈನುಗಳಿಗೆ ಬಂದ ಉಪಾಯ 'ಡಮ್ಮಿ ಪಿಸ್ಟನ್'. ದಂಡದ ಮೇಲೆಯೇ ಕೂರಿಸಿದ ಈ ಗಾಲಿಗೆ ಒಂದು ಪಕ್ಕದಲ್ಲಿ ಬಿರುಸಾದ ಉಗಿ, ಇನ್ನೊಂದು ಪಕ್ಕದಲ್ಲಿ ಸಡಿಲ ಉಗಿ. ಅದು ದಂಡವನ್ನು ಹಿಂದಕ್ಕೆ ನೂಕುತ್ತದೆ. ಈಗ ಹೊಸ ತೊಡಕು: ಗಾಲಿಯ ಅಂಚಿನ ಸಂದಿನಿಂದ ಉಗಿ ಸೋರುವುದು. ಉಜ್ಜುವ ಬಿಗಿಪಟ್ಟಿ ಹಾಕಿದರೆ ಆ ವೇಗಕ್ಕೆ ಬೆಂದುಹೋದೀತು. ಆದ್ದರಿಂದ ತೆಳು ಏಣುಗಳ ಸಾಲೊಂದನ್ನು ಏರ್ಪಡಿಸಿದರು. ಉಗಿಯು ಒಂದು ಕಿರುಸಂದಿನಿಂದ ನುಗ್ಗಿ, ಆಚೆಯ ಕೋಣೆಯಲ್ಲಿ ಹರಡಿ, ಸುಳಿಸುಳಿಯಾಗಿ ತನ್ನ ವೇಗವನ್ನು ಕಳೆದುಕೊಂಡು, ಮತ್ತೊಂದು ಸಂದನ್ನು ಎದುರಿಸುತ್ತದೆ. ಇದೊಂದು ಚಕ್ರವ್ಯೂಹ, ಅಭಿಮನ್ಯುವಿನಂತೆ ಅದು ಒಳಗೇ ಉಳಿಯುವುದಿಲ್ಲ, ಸ್ವಲ್ಪ ಸೋರಿಯೇ ಸೋರುತ್ತದೆ.

ಅಲಗಿನ ತುದಿಯಲ್ಲಿಯೂ ಇದೇ ಗೋಳು. ಉಗಿಯ ಬಿರುಸು ಹೆಚ್ಚಿರುವ ಕಡೆ ಅಲಗು ಗಿಡ್ಡ. ಅಲ್ಲಿ ಕೂದಲೆಳೆಯಷ್ಟು ಸಂದೂ ದೊಡ್ಡ ನಷ್ಟ. ಸಂದು ಹಿಗ್ಗಿದರೆ ಇಂಧನ ವ್ಯರ್ಥ, ಕುಗ್ಗಿದರೆ ಅಪಾಯ. ತುದಿಯನ್ನು ತೆಳ್ಳಗೆ ಕೊರೆಯುವುದು ಅದಕ್ಕೇ: ಆಕಸ್ಮಾತ್ ತಗುಲಿದರೂ ತುದಿ ಸವೆಯಲಿ, ಅಲಗು ಮುರಿಯದಿರಲಿ. ಕಾಯುವಾಗ ದಂಡವೂ ಕವಚವೂ ಒಂದೇ ವೇಗದಲ್ಲಿ ಹಿಗ್ಗುವುದಿಲ್ಲವಾದ್ದರಿಂದ, ತಣ್ಣಗಿರುವ ಟರ್ಬೈನನ್ನು ಅವಸರದಿಂದ ಓಡಿಸುವಂತಿಲ್ಲ.

ವಿಚಿತ್ರವೆಂದರೆ, ನೂಕನ್ನು ಪೂರ್ತಿ ಸರಿದೂಗಿಸುವುದೂ ತಪ್ಪೇ. ಹಾಗೆ ಮಾಡಿದರೆ ಹೊರೆ ಬದಲಾದಂತೆಲ್ಲ ದಂಡವು ಅತ್ತಿಂದಿತ್ತ ತೊನೆಯುತ್ತದೆ. ಆದ್ದರಿಂದ ಬೇಕೆಂದೇ ಸ್ವಲ್ಪ ಶೇಷ ಉಳಿಸುತ್ತಾರೆ. ಅದನ್ನು ಹೊರುವುದು, ಆಸ್ಟ್ರೇಲಿಯದ ಮಿಚೆಲ್ 1905ರಲ್ಲಿ ಪೇಟೆಂಟು ಪಡೆದ, ಓರೆಯಾಗಿ ವಾಲುವ ಬಿಲ್ಲೆಗಳ ಬೇರಿಂಗು. ಅಲ್ಲಿ ಲೋಹಕ್ಕೆ ಲೋಹ ತಗುಲುವುದಿಲ್ಲ. ನಡುವೆ ಇರುವುದು ಎಣ್ಣೆಯ ತೆಳುಪೊರೆಯೊಂದೇ.