ಓಣಿಯಲ್ಲಿ ನಿಂತ ಬಸ್ಸು

ನಮ್ಮ ಆದವಾನಿಗೆ ಲಾರಿಗಳು ಹೊಸತಲ್ಲ. ಹತ್ತಿಯ ಸುಗ್ಗಿ ಬಂತೆಂದರೆ ಮಾರುಕಟ್ಟೆಯ ಸುತ್ತ ಅವುಗಳದೇ ಸಾಲು. ಆದರೆ ಅವು ಮಾಲು ಇಳಿಸಿ ಹೋಗುತ್ತವೆ. ನಮ್ಮ ಓಣಿಯ ಹಳೆಯ ಬಸ್ಸು ಐದು ತಿಂಗಳಾದರೂ ಕದಲಿಲ್ಲ. ಮಾಲೀಕರು ಅದರ ಸೀಟುಗಳನ್ನು ಕಿತ್ತು ಮಂಚ, ಒಲೆ, ನೀರಿನ ತೊಟ್ಟಿ ಕೂಡಿಸುತ್ತಿದ್ದಾರೆ; ವಯಸ್ಸಾದ ತಂದೆತಾಯಿಗಳನ್ನು ಕಾಶಿಗೆ ಕರೆದೊಯ್ಯುವ ಆಸೆ. ಮಂತ್ರಾಲಯದಲ್ಲಿ ಬಸ್ಸಿನ ನೆರಳಿನಲ್ಲೇ ಅಡಿಗೆ ಮಾಡಿ ಉಣ್ಣುವ ಯಾತ್ರಿಕರನ್ನು ಕಂಡ ನಾವು ಆ ಆಸೆಗೆ ನಗಲಾರೆವು.

ಆದರೆ ಓಣಿ ಚಿಕ್ಕದು. ನೀರಿನ ಟ್ಯಾಂಕರು ತಿರುವಿನಲ್ಲೇ ನಿಲ್ಲುತ್ತದೆ. ತಾಯಂದಿರು ಕೊಡ ಹೊತ್ತು ಅಲ್ಲಿಯವರೆಗೆ ನಡೆಯಬೇಕು. ತಗಡು ಕೊಯ್ಯುವ ಸದ್ದಿನಲ್ಲೇ ನಾವು ಪರೀಕ್ಷೆಗೆ ಓದಿದೆವು. 1988ರ ಮೋಟಾರು ವಾಹನ ಕಾಯ್ದೆಯ 122ನೆಯ ಕಲಮು, ಪರರಿಗೆ ಅಡ್ಡಿಯಾಗುವಂತೆ ಸಾರ್ವಜನಿಕ ಸ್ಥಳದಲ್ಲಿ ವಾಹನ ನಿಲ್ಲಿಸಬಾರದೆನ್ನುತ್ತದೆ. ವಾಹನದ ರೂಪ ಬದಲಿಸುವುದಕ್ಕೂ 52ನೆಯ ಕಲಮಿನಂತೆ ನೋಂದಣಿ ಅಧಿಕಾರಿಯ ಒಪ್ಪಿಗೆ ಬೇಕು.

ಹೀಗೆಂದು ದೂರು ಬರೆದು ಸಹಿಗಳನ್ನೂ ಕೂಡಿಸಿದ್ದಾಯಿತು. ಆದರೆ ಈ ಐದು ತಿಂಗಳಲ್ಲಿ ಒಬ್ಬರಾದರೂ, ನಮ್ಮ ಮನೆಯವರೂ ಸೇರಿ, ಅವರ ಬಾಗಿಲು ತಟ್ಟಿರಲಿಲ್ಲ! ಅವರೂ ಮೊದಲ ದಿನವೇ ನೆರೆಯವರನ್ನು ಕೇಳಬೇಕಿತ್ತು, ನಿಜ. ಊರ ಹೊರಗಿನ ಬಯಲಿಗೆ ಬಾಡಿಗೆ ಭಾರವಾದರೆ ಓಣಿಯವರೆಲ್ಲ ಸ್ವಲ್ಪಸ್ವಲ್ಪ ಕೊಡಬಹುದೆಂದು ನಮ್ಮ ಅಭಿಪ್ರಾಯ. ದೂರಿನ ಕಾಗದ ಇನ್ನೂ ಅಂಚೆಗೆ ಬಿದ್ದಿಲ್ಲ. ಭಾನುವಾರ ಹಿರಿಯರೊಡನೆ ಅವರ ಮನೆಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ.