‘ಫಲಿತಾಂಶ ಬರಲಿ, ನೋಡೋಣ’ ಎನ್ನುವುದು ತವಕ್ಕುಲ್ ಅಲ್ಲ

ಜ್ಞಾನದ ಮಹತ್ವದ ಕುರಿತು ನಮ್ಮ ವೇದಿಕೆಗಳಲ್ಲಿ ಮಾತಿಗೆ ಬರವಿಲ್ಲ. ಪ್ರಪ್ರಥಮ ದಿವ್ಯವಾಣಿಯೇ ಓದಬೇಕೆಂಬ ಆಜ್ಞೆಯಾಗಿತ್ತೆಂಬುದನ್ನು ಪ್ರತಿಯೊಂದು ಶೈಕ್ಷಣಿಕ ಸಮಾವೇಶದಲ್ಲೂ ಕೇಳುತ್ತೇವೆ. ಆದರೆ ಕೊರಟಗೆರೆಯಂತಹ ತಾಲೂಕು ಕೇಂದ್ರದಲ್ಲಿ ಪದವಿಯ ಕೊನೆಯ ವರ್ಷದಲ್ಲಿರುವ ಮಗನೋ ಮಗಳೋ ‘ಮುಂದೇನು?’ ಎಂದು ಕೇಳಿದರೆ ಹಲವು ಮನೆಗಳಲ್ಲಿ ಸಿಗುವ ಉತ್ತರ ಇಷ್ಟೇ: ‘ಮೊದಲು ಫಲಿತಾಂಶ ಬರಲಿ, ನೋಡೋಣ. ನಸೀಬಿನಲ್ಲಿದ್ದರೆ ಸಿಗುತ್ತದೆ.’ ಕೇಳಲು ಇದು ಅಲ್ಲಾಹನ ಮೇಲಿನ ಭರವಸೆಯಂತಿದೆ. ವಾಸ್ತವದಲ್ಲಿ ಇದು ಭಕ್ತಿಯ ಉಡುಪು ತೊಟ್ಟ ಆಲಸ್ಯ.

ಏಕೆಂದರೆ ಫಲಿತಾಂಶ ಬರುವ ಹೊತ್ತಿಗೆ ಹಲವು ಬಾಗಿಲುಗಳು ಮುಚ್ಚಿರುತ್ತವೆ. ಐಐಟಿಗಳಲ್ಲಿ ಎಂ.ಎಸ್ಸಿ. ಓದಲು ಬರೆಯಬೇಕಾದ ‘ಜಾಮ್’ ಪರೀಕ್ಷೆಗೆ ಸಾಮಾನ್ಯವಾಗಿ ಸೆಪ್ಟೆಂಬರ್-ಅಕ್ಟೋಬರ್‌ನಲ್ಲೇ ಅರ್ಜಿ ಹಾಕಬೇಕು, ಪರೀಕ್ಷೆ ಫೆಬ್ರುವರಿಯಲ್ಲಿ. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವೂ ಸೇರಿದಂತೆ ಕೇಂದ್ರದ ವಿಶ್ವವಿದ್ಯಾಲಯಗಳಿಗೆ 2022ರಿಂದ ‘ಸಿಯುಇಟಿ-ಪಿಜಿ’ ಬಂದಿದೆ. ಇತ್ತೀಚಿನ ವರ್ಷಗಳಲ್ಲಿ ಇದರ ಅರ್ಜಿ ಚಳಿಗಾಲದಲ್ಲೂ ಪರೀಕ್ಷೆ ಮಾರ್ಚ್ ಸುಮಾರಿಗೂ ನಡೆಯುತ್ತಿದೆ. ಅಂದರೆ ಕೊನೆಯ ಸೆಮಿಸ್ಟರ್ ಮುಗಿಯುವ ಮುನ್ನವೇ ಆಯ್ಕೆಯ ದೊಡ್ಡ ಭಾಗ ಮುಗಿದುಹೋಗುತ್ತದೆ. ಫಲಿತಾಂಶಕ್ಕೆ ಕಾದವರಿಗೆ ಉಳಿಯುವುದು ಹತ್ತಿರದ ಬಾಗಿಲು ಮಾತ್ರ. 2004ರಲ್ಲಿ ಸ್ಥಾಪನೆಯಾದ ತುಮಕೂರು ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯ ಭಾಗ್ಯವೇ ಸರಿ. ಆದರೆ ಅದನ್ನು ಬೇಕೆಂದು ಆರಿಸಿಕೊಳ್ಳಬೇಕು, ಬೇರೆ ದಾರಿಯಿಲ್ಲದೆ ಅಲ್ಲಿಗೆ ಹೋಗುವಂತಾಗಬಾರದು. ಮೇಲಾಗಿ ರಾಜ್ಯದ ವಿಶ್ವವಿದ್ಯಾಲಯಗಳ ಬಹುಪಾಲು ಎಂ.ಎ., ಎಂ.ಕಾಂ., ಎಂ.ಎಸ್ಸಿ. ಸೀಟುಗಳು ಪದವಿಯ ಅಂಕಗಳ ಮೇಲೆ ನಿರ್ಧಾರವಾಗುತ್ತವೆ. ಮೊದಲ ಸೆಮಿಸ್ಟರ್‌ನ ನಿರ್ಲಕ್ಷ್ಯವನ್ನು ಕೊನೆಯ ತಿಂಗಳ ಓಡಾಟ ಸರಿಪಡಿಸಲಾರದು.

ಒಂಟೆಯನ್ನು ಕಟ್ಟಿ ಭರವಸೆಯಿಡಬೇಕೋ, ಬಿಟ್ಟು ಭರವಸೆಯಿಡಬೇಕೋ ಎಂದು ಕೇಳಿದ ವ್ಯಕ್ತಿಗೆ ಪ್ರವಾದಿ ಮುಹಮ್ಮದ್(ಸ) ಮೊದಲು ಕಟ್ಟುವಂತೆ ಕಲಿಸಿದ ಪ್ರಸಂಗ ನಮ್ಮ ಮಕ್ಕಳಿಗೂ ಗೊತ್ತು. ಹಾಗಿರುವಾಗ ಅರ್ಜಿಯ ಕೊನೆಯ ದಿನಾಂಕವನ್ನೂ ತಿಳಿದುಕೊಳ್ಳದೆ ನಸೀಬಿನ ಮಾತಾಡುವುದು ಯಾವ ತವಕ್ಕುಲ್?

ಉನ್ನತ ವಿದ್ಯೆಯ ಶಿಸ್ತು ನಮಗೆ ಹೊಸತೇನಲ್ಲ. ಒಂದೇ ಒಂದು ಹದೀಸ್‌ಗಾಗಿ ಹ. ಜಾಬಿರ್ ಬಿನ್ ಅಬ್ದುಲ್ಲಾ(ರ) ಒಂದು ತಿಂಗಳ ದಾರಿ ಪ್ರಯಾಣಿಸಿದರು. ಗುರುವಿನ ಬಳಿ ಕುಳಿತು ಕಲಿತವನಿಗೆ ಗುರು ‘ಇಜಾಝತ್’ ಕೊಡುತ್ತಿದ್ದರು. ಯಾರಿಂದ ಯಾರು ಕೇಳಿದರು ಎಂಬ ಸನದ್ ಇಲ್ಲದ ವರದಿಯನ್ನು ಹದೀಸ್ ವಿದ್ವಾಂಸರು ಸ್ವೀಕರಿಸುತ್ತಿರಲಿಲ್ಲ. ಇಂದು ಸಂಶೋಧನಾ ಸಂಸ್ಥೆಗಳೂ ವಿದೇಶಿ ವಿಶ್ವವಿದ್ಯಾಲಯಗಳೂ ಕೇಳುವ ಶಿಫಾರಸು ಪತ್ರದ ಹಿಂದಿರುವುದು ಇದೇ ತತ್ವ. ನಮ್ಮ ಕೆಲಸವನ್ನು ಕಣ್ಣಾರೆ ಕಂಡ ಅಧ್ಯಾಪಕರ ಮಾತಿಗೆ ಅಲ್ಲಿ ಬೆಲೆಯಿದೆ, ಪರಿಚಯದ ರಾಜಕಾರಣಿಯ ಲೆಟರ್‌ಹೆಡ್‌ಗಲ್ಲ. ಎರಡನೆಯ ವರ್ಷದಲ್ಲೇ ಅಧ್ಯಾಪಕರ ಬಳಿ ಹೋಗಿ ಪ್ರಶ್ನೆ ಕೇಳಿ, ಅವರ ಕೈಕೆಳಗೆ ಚಿಕ್ಕದೊಂದು ಪ್ರಾಜೆಕ್ಟ್ ಮಾಡಿದ ವಿದ್ಯಾರ್ಥಿಗೆ ಮಾತ್ರ ಅಂತಹ ಪತ್ರ ಸಿಗುತ್ತದೆ. ‘ಈ ವಿಷಯವನ್ನೇ ಏಕೆ ಓದಬಯಸುತ್ತೀರಿ?’ ಎಂಬುದಕ್ಕೆ ಬರೆಯುವ ಉದ್ದೇಶ ಪತ್ರವೂ ಹಾಗೆಯೇ. ಸೈಬರ್ ಸೆಂಟರ್‌ನಲ್ಲಿ ಯಾರದೋ ಮಾದರಿಗೆ ತನ್ನ ಹೆಸರು ಹಾಕಿ ಕಳುಹಿಸುವುದು ದುರ್ಬಲ ಅರ್ಜಿ ಮಾತ್ರವಲ್ಲ, ಅದೊಂದು ಸುಳ್ಳು ಸಾಕ್ಷ್ಯ. ಹೊಳವನಹಳ್ಳಿಯ ರೈತನ ಮಗ ಬತ್ತಿದ ಕೊಳವೆಬಾವಿಯನ್ನು ನೋಡಿ ಭೂಗರ್ಭಶಾಸ್ತ್ರ ಓದಬಯಸಿದ್ದರೆ ಅದನ್ನೇ ಬರೆಯಲಿ. ಅವನ ಬದುಕೇ ಅವನ ಸನದ್.

‘ಎಷ್ಟು ಓದಿದರೂ ನಮ್ಮವರಿಗೆ ಯಾರು ಸೀಟು ಕೊಡುತ್ತಾರೆ?’ ಎಂದು ಕೇಳುವವರಿದ್ದಾರೆ. ಆ ನೋವಿಗೆ ಕಾರಣವಿದೆ. ಪ್ರತಿಷ್ಠಿತ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳಲ್ಲಿ 50 ಮಂದಿಗೆ ಒಬ್ಬರು ಮಾತ್ರ ಮುಸ್ಲಿಮರೆಂದು 2006ರ ಸಾಚಾರ್ ಸಮಿತಿ ವರದಿ ಹೇಳಿತು. ಅಲ್ಪಸಂಖ್ಯಾತ ಸಂಶೋಧಕರಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್‌ನ ಸ್ಥಗಿತವನ್ನು 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸರಕಾರ ಸಂಸತ್ತಿನಲ್ಲಿ ತಿಳಿಸಿತು. ರಾಜ್ಯದಲ್ಲಿ ನಮಗಿರುವ 2ಬಿ ಪ್ರವರ್ಗದ ಶೇ. 4 ಮೀಸಲಾತಿಯನ್ನು ರದ್ದುಪಡಿಸುವ ನಿರ್ಧಾರ 2023ರ ಮಾರ್ಚ್‌ನಲ್ಲಿ ಹೊರಬಿತ್ತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋದ ಬಳಿಕ ಅದು ಜಾರಿಯಾಗದೆ ನಿಂತಿತು. ಇವುಗಳ ವಿರುದ್ಧ ದನಿಯೆತ್ತುವುದು ನಮ್ಮ ಹಕ್ಕು. ಆದರೆ ಅರ್ಜಿಯನ್ನೇ ಹಾಕದವನನ್ನು ತಿರಸ್ಕರಿಸುವ ಶ್ರಮವೂ ಯಾರಿಗೂ ಬೇಕಿಲ್ಲ. ಉಳಿದಿರುವ ಹಕ್ಕನ್ನು ಬಳಸಲು ಜಾತಿ-ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಿಂದ ಮೊದಲೇ ಪಡೆದಿರಬೇಕು. ರಾಜ್ಯದ 2ಬಿ ಪತ್ರ ಕೇಂದ್ರದ ವಿಶ್ವವಿದ್ಯಾಲಯಗಳಲ್ಲಿ ನಡೆಯುವುದಿಲ್ಲ. ತಮ್ಮ ಪಂಗಡ ಕೇಂದ್ರದ ಒಬಿಸಿ ಪಟ್ಟಿಯಲ್ಲಿದೆಯೇ ಎಂದು ನೋಡಿ ಅದಕ್ಕೆ ಬೇರೆಯೇ ಪತ್ರ ಮಾಡಿಸಬೇಕು. ಕೌನ್ಸೆಲಿಂಗ್‌ನ ಹಿಂದಿನ ದಿನ ಈ ಕೆಲಸ ಆಗದು.

ಹೆಣ್ಣುಮಕ್ಕಳ ವಿಷಯದಲ್ಲಂತೂ ‘ನೋಡೋಣ’ ಎಂದರೆ ‘ಬೇಡ’ ಎಂದೇ ಅರ್ಥವಾಗಿಬಿಟ್ಟಿದೆ. ತುಮಕೂರು ಕೊರಟಗೆರೆಯಿಂದ ದೂರವೇನಲ್ಲ. 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಡಿ ಸರಕಾರಿ ಬಸ್ಸಿನಲ್ಲಿ ಅವರ ಪ್ರಯಾಣ ಉಚಿತ. ಮದುವೆಯ ಭೋಜನಕ್ಕೆ ಲಕ್ಷಗಳನ್ನು ಹೊಂದಿಸುವ ಮನೆ ಎರಡು ವರ್ಷದ ಎಂ.ಎಸ್ಸಿ. ಶುಲ್ಕದ ಮುಂದೆ ಮಾತ್ರ ಬಡತನವನ್ನು ನೆನಪಿಸಿಕೊಳ್ಳುವುದು ನ್ಯಾಯವಲ್ಲ. ಮಗಳ ಪ್ರತಿಭೆಯೂ ಅಲ್ಲಾಹನು ಒಪ್ಪಿಸಿದ ಅಮಾನತ್. ಅದರ ಲೆಕ್ಕವನ್ನೂ ಹೆತ್ತವರು ಕೊಡಬೇಕಾಗಿದೆ.

ಜಮಾಅತ್‌ಗಳ ಹೊಣೆ ಇನ್ನೂ ಹೆಚ್ಚು. ಪ್ರವೇಶ ಪರೀಕ್ಷೆಗಳ ದಿನಾಂಕಗಳನ್ನು ನಮಾಝ್ ವೇಳಾಪಟ್ಟಿಯ ಪಕ್ಕದಲ್ಲೇ ಮಸೀದಿಯ ಫಲಕದಲ್ಲಿ ಬರೆಯಲು ಖರ್ಚೇನೂ ಇಲ್ಲ. ಮನೆಯಲ್ಲಿ ದಖ್ಖನಿ, ಶಾಲೆಯಲ್ಲಿ ಕನ್ನಡ ಕಲಿತ ಮಕ್ಕಳು ಇಂಗ್ಲಿಷ್ ಪ್ರಶ್ನೆಪತ್ರಿಕೆ ಎದುರಿಸಬೇಕಾಗಿದೆ. ಅವರಿಗಾಗಿ ವಾರಕ್ಕೆರಡು ಸಂಜೆ ಮದ್ರಸಾದ ಕೊಠಡಿಯನ್ನು ತೆರೆದಿಡಬಹುದು; ಎಂ.ಎ., ಎಂ.ಎಸ್ಸಿ. ಮುಗಿಸಿದ ಊರಿನ ಹಿರಿಯ ವಿದ್ಯಾರ್ಥಿಗಳು ಅಲ್ಲಿ ಕುಳಿತು ಅರ್ಜಿಗಳನ್ನು ಓದಿ ತಿದ್ದಿಕೊಡಬಹುದು. ಝಕಾತ್‌ಗೆ ಅರ್ಹರಾದ ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕವನ್ನು ಆ ನಿಧಿಯಿಂದಲೇ ಭರಿಸಬಹುದು.

ಮೊದಲ ವರ್ಷ ಅಂಕಗಳಿಗೆ, ಎರಡನೆಯ ವರ್ಷ ಅಧ್ಯಾಪಕರ ಒಡನಾಟ ಮತ್ತು ಪ್ರಾಜೆಕ್ಟ್‌ಗೆ, ಕೊನೆಯ ವರ್ಷದ ಆರಂಭ ದಾಖಲೆ, ಅರ್ಜಿ ಮತ್ತು ಪರೀಕ್ಷೆಯ ಸಿದ್ಧತೆಗೆ. ಇಷ್ಟನ್ನು ಮಾಡಿ ಕೈಯೆತ್ತಿ ಪ್ರಾರ್ಥಿಸಿದರೆ ಅದು ತವಕ್ಕುಲ್. ಆಮೇಲೆ ಸೀಟು ಸಿಕ್ಕರೂ ಸಿಗದಿದ್ದರೂ ಅಲ್ಲಾಹನ ತೀರ್ಮಾನವೆಂದು ಒಪ್ಪಿಕೊಳ್ಳಲು ನಮಗೆ ಅಧಿಕಾರವಿದೆ. ನಮ್ಮ ಮಕ್ಕಳ ಜ್ಞಾನವನ್ನು ಅಲ್ಲಾಹನು ವೃದ್ಧಿಸಲಿ, ಆಮೀನ್.